ಟೋ ತಂಡದ ಜನಪ್ರಿಯ ಹಾಡುಗಳು: ‘ಗುಡ್‌ಬೈ’ಯಿಂದಲೇ ಶುರು ಮಾಡಬೇಕೇ?

ಇರುಳುಕಿವಿ (ಚರ್ಚೆ ಆರಂಭಿಸಿದವರು):

ಜಪಾನಿನ ಮ್ಯಾತ್ ರಾಕ್ (ತಾಳದ ಲೆಕ್ಕಗಳೊಡನೆ ಆಡುವ ರಾಕ್ ಸಂಗೀತ) ಕೇಳಲು ಹೊರಟವರ ಕೈಗೆ ಮೊದಲು ಸಿಗುವ ಹಾಡು ಬಹುಮಟ್ಟಿಗೆ ಟೋಕಿಯೊದ ಟೋ ತಂಡದ ‘ಗುಡ್‌ಬೈ’. ಅದು ಒಳ್ಳೆಯ ಹಾಡು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಈ ತಂಡವನ್ನು ಹೊಸದಾಗಿ ಕೇಳುವವರು ಅಲ್ಲಿಂದ ಆರಂಭಿಸಬಾರದು ಎಂಬುದು ನನ್ನ ಅಭಿಪ್ರಾಯ. ಕಾರಣವನ್ನು ತುಸು ವಿವರವಾಗಿ ಹೇಳುತ್ತೇನೆ. ಒಪ್ಪದವರು ದಯವಿಟ್ಟು ಹಾಡುಗಳ ಹೆಸರು ಹಿಡಿದೇ ವಾದಿಸಬೇಕು, ‘ಅವರವರ ಅಭಿರುಚಿ’ ಎಂಬ ಒಂದೇ ಮಾತಿನಲ್ಲಿ ಚರ್ಚೆಯನ್ನು ಮುಗಿಸಬಾರದು ಎಂದು ಕೋರುತ್ತೇನೆ.

ಪರಿಚಯವಿಲ್ಲದವರಿಗಾಗಿ ಮೊದಲು ಹಿನ್ನೆಲೆ. ಟೋ 2000ದಲ್ಲಿ ಆರಂಭವಾದ ತಂಡ. ಯಮಾಝಾಕಿ ಹಿರೋಕಾಝು ಮತ್ತು ಮಿನೋ ತಕಾಅಕಿ ಗಿಟಾರ್ ನುಡಿಸುತ್ತಾರೆ, ಯಮಾನೆ ಸತೋಶಿ ಬೇಸ್, ಕಾಶಿಕುರಾ ತಕಾಶಿ ಡ್ರಮ್ಸ್. ಇವರ ಪೂರ್ಣ ಪ್ರಮಾಣದ ಆಲ್ಬಂಗಳು ನಾಲ್ಕೇ: 2005ರಲ್ಲಿ ‘ದ ಬುಕ್ ಅಬೌಟ್ ಮೈ ಐಡಲ್ ಪ್ಲಾಟ್ ಆನ್ ಎ ವೇಗ್ ಆಂಗ್ಸೈಟಿ’, 2009ರಲ್ಲಿ ‘ಫಾರ್ ಲಾಂಗ್ ಟುಮಾರೊ’, 2015ರಲ್ಲಿ ‘ಹಿಯರ್ ಯು’, 2024ರಲ್ಲಿ ‘ನೌ ಐ ಸೀ ದ ಲೈಟ್’. ಇವುಗಳ ನಡುನಡುವೆ ‘ನ್ಯೂ ಸೆಂಟಿಮೆಂಟಾಲಿಟಿ’, ‘ದ ಫ್ಯೂಚರ್ ಈಸ್ ನೌ’ ಮುಂತಾದ ಕಿರು ಆಲ್ಬಂಗಳಿವೆ. ಮೊದಲ ಆಲ್ಬಂ ಹೆಚ್ಚುಕಡಿಮೆ ಪೂರ್ತಿ ವಾದ್ಯಸಂಗೀತವೇ.

ಸಾಮಾನ್ಯವಾಗಿ ರಾಕ್ ಸಂಗೀತದಲ್ಲಿ ಡ್ರಮ್ಸ್ ಕಾಲವನ್ನು ಹಿಡಿದು ನಿಲ್ಲುತ್ತದೆ, ಗಿಟಾರ್ ಅದರ ಮೇಲೆ ಮಾತನಾಡುತ್ತದೆ. ಟೋ ತಂಡದಲ್ಲಿ ಈ ಹೊಣೆಗಳು ಅದಲುಬದಲಾಗಿವೆ. ಎರಡು ಗಿಟಾರ್‌ಗಳು ಚಿಕ್ಕ ಚಿಕ್ಕ ಸ್ವರಗುಚ್ಛಗಳನ್ನು ಬಿಡದೆ ಪುನರಾವರ್ತಿಸುತ್ತ ನೆಲವನ್ನು ಹಾಸುತ್ತವೆ, ಅದರ ಮೇಲೆ ಓಡಾಡುವುದು, ತಡವರಿಸುವುದು, ಸಿಡುಕುವುದು, ಮತ್ತೆ ಸಮಾಧಾನಗೊಳ್ಳುವುದು ಡ್ರಮ್ಸ್. ಮೊದಲ ಆಲ್ಬಂನ ಎರಡನೆಯ ಹಾಡು ‘ಕೊದೊಕು ನೊ ಹಾತ್ಸುಮೆಯ್’ ಇದಕ್ಕೆ ಅತ್ಯುತ್ತಮ ಸಾಕ್ಷಿ. (ಅಮೆರಿಕದ ಲೇಖಕ ಪಾಲ್ ಆಸ್ಟರ್ ಅವರ 1982ರ ಕೃತಿಯೊಂದರ ಜಪಾನೀ ಅನುವಾದಕ್ಕೂ ಇದೇ ಹೆಸರಿದೆ.) ಅಲ್ಲಿ ಗಿಟಾರ್‌ಗಳ ಧ್ವನಿ ಶುಭ್ರವಾಗಿದೆ, ನಾದವನ್ನು ಬೇಕೆಂದೇ ಒರಟಾಗಿಸುವ ಡಿಸ್ಟಾರ್ಷನ್‌ನ ಗದ್ದಲವಿಲ್ಲ. ಗದ್ದಲವೆಲ್ಲ ಕಾಶಿಕುರಾ ಅವರ ಕೈಗಳಲ್ಲಿದೆ. ಹಾಡು ಮುಗಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿಯುವುದು ಗಿಟಾರಿನ ಯಾವುದೋ ಒಂದು ಸಾಲಲ್ಲ, ಡ್ರಮ್ಸ್ ತಿರುವು ತೆಗೆದುಕೊಂಡ ಜಾಗಗಳು.

‘ಗುಡ್‌ಬೈ’ 2009ರ ಆಲ್ಬಂನಲ್ಲಿದೆ, ಅಲ್ಲಿ ಟೋಕಿ ಅಸಾಕೊ ಹಾಡಿದ್ದಾರೆ. ದನಿ ಬಂದ ಕ್ಷಣದಿಂದ ಕೇಳುಗನ ಕಿವಿ ಅದರ ಬೆನ್ನು ಹತ್ತುತ್ತದೆ, ಡ್ರಮ್ಸ್ ಮತ್ತೆ ಪಕ್ಕವಾದ್ಯವಾಗಿಬಿಡುತ್ತದೆ. ಹೀಗೆ ಪರಿಚಯವಾದವರು ಆಮೇಲೆ ಹಳೆಯ ಹಾಡುಗಳಿಗೆ ಹೋದರೆ ‘ಹಾಡುಗಾರರು ಯಾವಾಗ ಬರುತ್ತಾರೆ’ ಎಂದು ಕಾಯುತ್ತ ಕೂರುತ್ತಾರೆ. ಆದ್ದರಿಂದ ‘ಕೊದೊಕು’ ಮೊದಲು, ‘ಗುಡ್‌ಬೈ’ ಆಮೇಲೆ ಎಂಬುದು ನನ್ನ ಸೂಚನೆ.

ಐದನೇ ತಂತಿ:

ನಿಮ್ಮ ಮೊದಲ ಅರ್ಧವನ್ನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪುವುದಿಲ್ಲ. ‘ಗುಡ್‌ಬೈ’ ಸುಮಾರು ಏಳು ನಿಮಿಷಗಳ ಹಾಡು. ಅದರಲ್ಲಿ ದನಿ ಇರುವ ಭಾಗವನ್ನು ಮಾತ್ರ ಕೇಳಿ, ಉಳಿದದ್ದನ್ನು ಮುನ್ನುಡಿ ಹಿನ್ನುಡಿ ಎಂದು ಪಕ್ಕಕ್ಕಿಟ್ಟರೆ ನೀವು ಹೇಳುವ ತೊಂದರೆ ಬರುತ್ತದೆ. ಆದರೆ ಆ ಹಾಡನ್ನು ಕಟ್ಟಿರುವ ರೀತಿಯೇ ಬೇರೆ. ದನಿ ಮುಗಿದ ಮೇಲೆ ಹಾಡು ಮುಗಿಯುವುದಿಲ್ಲ. ಹಾಡುಗಾರ್ತಿ ಬಿಟ್ಟುಹೋದ ಭಾವವನ್ನು ಡ್ರಮ್ಸ್ ಎತ್ತಿಕೊಂಡು ಇನ್ನೂ ಮೇಲಕ್ಕೆ ಒಯ್ಯುತ್ತದೆ. ಅಲ್ಲಿಯವರೆಗೆ ತಾಳ್ಮೆಯಿಂದ ಇದ್ದ ಸ್ನೇರ್ (ಚುರುಕು ಸದ್ದಿನ ಮುಖ್ಯ ಡ್ರಮ್) ಕೊನೆಗೆ ಹೇಗೆ ಒಡೆದುಕೊಳ್ಳುತ್ತದೆ ಎಂಬುದನ್ನು ಕೇಳಿದವರಿಗೆ, ಈ ತಂಡದಲ್ಲಿ ಕೊನೆಯ ಮಾತು ಯಾರದೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ನೇರ ಪ್ರದರ್ಶನಗಳಲ್ಲಿ ಈ ಹಾಡನ್ನು ಗಿಟಾರ್ ವಾದಕ ಯಮಾಝಾಕಿ ಅವರೇ ಹಾಡುತ್ತಾರೆ. ಅವರು ತರಬೇತಾದ ಗಾಯಕರಂತೆ ಹಾಡುವುದಿಲ್ಲ. ದನಿ ವಾದ್ಯಗಳ ನಡುವೆ ಅರ್ಧ ಮುಳುಗಿರುತ್ತದೆ, ಕೆಲವೊಮ್ಮೆ ಅದು ಹಾಡುವುದಕ್ಕಿಂತ ಕೂಗುವುದಕ್ಕೆ ಹತ್ತಿರವಾಗುತ್ತದೆ. ಆದರೂ ಹಾಡಿನ ತೂಕ ಕಡಿಮೆಯಾಗುವುದಿಲ್ಲ. ಟೋಕಿ ಅಸಾಕೊ ಅವರಂತಹ ನುರಿತ ಗಾಯಕಿಯ ದನಿಯಿದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ ಎಂದಾದರೆ ಆ ಹಾಡು ದನಿಯ ಮೇಲೆ ನಿಂತಿಲ್ಲವೆಂದೇ ಅರ್ಥ.

ಇರುಳುಕಿವಿ:

ಐದನೇ ತಂತಿ ಅವರೇ, ನೇರ ಪ್ರದರ್ಶನದ ಮಾತು ಬಲವಾದ ವಾದ. ಆದರೆ ಹೊಸಬರು ಕೇಳುವುದು ಆಲ್ಬಂನ ರೂಪವನ್ನು. ಟೋಕಿ ಅಸಾಕೊ ಸಾಮಾನ್ಯ ಗಾಯಕಿಯಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಅವರು 2004ರಲ್ಲಿ ವಿಸರ್ಜನೆಗೊಂಡ ಸಿಂಬಲ್ಸ್ ತಂಡದ ಮುಖ್ಯ ಗಾಯಕಿಯಾಗಿದ್ದವರು, ತಂದೆ ಟೋಕಿ ಹಿದೆಫುಮಿ ಹೆಸರಾಂತ ಸ್ಯಾಕ್ಸೊಫೋನ್ ವಾದಕರು. ಅಂತಹ ದನಿಯನ್ನು ಮಿಕ್ಸಿಂಗ್‌ನಲ್ಲಿ ಎಷ್ಟು ತಗ್ಗಿಸಿದರೂ ಕಿವಿ ಅದನ್ನು ಹುಡುಕಿಕೊಂಡು ಹೋಗುತ್ತದೆ.

ಹೊಸ ಕೇಳುಗ:

ನನ್ನ ಪ್ರಶ್ನೆ ಸ್ವಲ್ಪ ಕೆಳಮಟ್ಟದ್ದೆನಿಸಬಹುದು. ‘ಕೊದೊಕು ನೊ ಹಾತ್ಸುಮೆಯ್’ ಕೇಳಿದೆ. ಹಿತವಾಗಿತ್ತು. ಆದರೆ ಇದರಲ್ಲಿ ಗಣಿತ ಎಲ್ಲಿದೆ? ಮ್ಯಾತ್ ರಾಕ್ ಎಂದರೆ ಐದು, ಏಳು, ಹನ್ನೊಂದರ ಲೆಕ್ಕಗಳಲ್ಲಿ ತಲೆ ತಿರುಗಿಸುವ ಸಂಗೀತ ಎಂದು ಓದಿದ್ದೆ. ಇಲ್ಲಿ ತಲೆಯಾಡಿಸುತ್ತ ಕುಳಿತುಕೊಳ್ಳಲು ನನಗೇನೂ ಅಡ್ಡಿಯಾಗಲಿಲ್ಲ.

ಮದ್ದಳೆಮನೆ:

ಹೊಸ ಕೇಳುಗರ ಪ್ರಶ್ನೆ ಕೆಳಮಟ್ಟದ್ದೇನೂ ಅಲ್ಲ, ಈ ಚರ್ಚೆಯ ಮುಖ್ಯ ಪ್ರಶ್ನೆಯೇ ಅದು. ನಾನು ಮೃದಂಗ ಕಲಿತವನಾದ್ದರಿಂದ ಆ ಕಡೆಯಿಂದ ಉತ್ತರಿಸಲು ಪ್ರಯತ್ನಿಸುತ್ತೇನೆ.

ಟೋ ತಂಡದ ಹಾಡುಗಳ ಬಹುಭಾಗ ನಾಲ್ಕರ ಲೆಕ್ಕದಲ್ಲೇ ಕೂರುತ್ತದೆ, ನೀವು ತಲೆಯಾಡಿಸಲು ಸಾಧ್ಯವಾದದ್ದು ಅದಕ್ಕಾಗಿಯೇ. ಕಷ್ಟ ಇರುವುದು ಆವರ್ತದ ಉದ್ದದಲ್ಲಲ್ಲ, ಒಳಗಿನ ವಿಂಗಡಣೆಯಲ್ಲಿ. ನಾಲ್ಕು ಬಡಿತಗಳ ಒಂದು ಅಳತೆಯಲ್ಲಿ ಹದಿನಾರು ಚಿಕ್ಕ ಮಾತ್ರೆಗಳಿವೆ ಎಂದುಕೊಳ್ಳಿ. ಸಾಮಾನ್ಯ ರಾಕ್ ಡ್ರಮ್ಸ್ ಅದನ್ನು ನಾಲ್ಕು ನಾಲ್ಕಾಗಿ ಹಂಚಿ, ಎರಡನೆಯ ಮತ್ತು ನಾಲ್ಕನೆಯ ಬಡಿತಕ್ಕೆ ಸ್ನೇರ್ ಹೊಡೆಯುತ್ತದೆ. ಅದೇ ಹದಿನಾರನ್ನು ಮೂರು, ಮೂರು, ಮೂರು, ಮೂರು, ನಾಲ್ಕು ಎಂದೂ ಹಂಚಬಹುದು. ಐದು, ಐದು, ಆರು ಎಂದೂ ಹಂಚಬಹುದು. ಒತ್ತುಗಳು ಹೀಗೆ ಬೇರೆಡೆ ಬಿದ್ದಾಗ ನಮ್ಮ ತಲೆ ನಾಲ್ಕಕ್ಕೇ ಆಡುತ್ತಿದ್ದರೂ ಕಿವಿಗೆ ನೆಲ ಜಾರಿದಂತಾಗುತ್ತದೆ, ಕೊನೆಯ ಗುಂಪು ಮುಗಿದು ಮತ್ತೆ ಸಮಕ್ಕೆ ಬಂದಾಗ ಎಲ್ಲವೂ ಸರಿಹೋಗುತ್ತದೆ. ತನಿ ಆವರ್ತನದಲ್ಲಿ ಆದಿತಾಳದ ಕ್ರಿಯೆಯನ್ನು ಕೈಯಲ್ಲಿ ಹಾಕುತ್ತ, ಖಂಡದ ಐದೈದು ಅಕ್ಷರಗಳ ಜತಿ ಅದರ ಮೇಲೆ ಅಡ್ಡಡ್ಡಲಾಗಿ ಹಾದುಹೋಗುವುದನ್ನು ಅನುಭವಿಸಿದವರಿಗೆ ಈ ಸುಖ ಹೊಸದಲ್ಲ.

ಇದರ ಜೊತೆಗೆ ಎರಡು ಗಿಟಾರ್‌ಗಳ ಸ್ವರಗುಚ್ಛಗಳ ಉದ್ದ ಒಂದೇ ಆಗಿರಬೇಕೆಂಬ ನಿಯಮವೂ ಮ್ಯಾತ್ ರಾಕ್‌ನಲ್ಲಿಲ್ಲ. ಒಂದು ಚಿಕ್ಕದು, ಇನ್ನೊಂದು ದೊಡ್ಡದು ಆದಾಗ ಅವೆರಡೂ ಪ್ರತಿ ಸುತ್ತಿನಲ್ಲೂ ಬೇರೆ ಬೇರೆ ಜಾಗದಲ್ಲಿ ಭೇಟಿಯಾಗುತ್ತವೆ. ಅದೇ ಸ್ವರಗಳು, ಅದೇ ಬೆರಳುಗಳು, ಆದರೆ ಪ್ರತಿ ಸಲ ಹೊಸ ಸೇರಿಕೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಇದು ಕೇಳಲು ಅನುಕೂಲವಾಗುವ ಹೋಲಿಕೆ ಮಾತ್ರ. ಈ ತಂಡದವರು ಕರ್ನಾಟಕ ಸಂಗೀತದಿಂದ ಏನನ್ನೋ ತೆಗೆದುಕೊಂಡಿದ್ದಾರೆ ಎಂಬ ಅರ್ಥ ಅದಕ್ಕಿಲ್ಲ. ನಮ್ಮಲ್ಲಿ ಮುಕ್ತಾಯವನ್ನು ಮೂರು ಸಲ ನುಡಿಸಿ, ಲೆಕ್ಕವನ್ನು ಸಭೆಯ ಮುಂದೆ ಬಿಚ್ಚಿ ತೋರಿಸಿ ಸಮಕ್ಕೆ ತಲುಪುತ್ತೇವೆ. ಟೋ ಲೆಕ್ಕವನ್ನು ತೋರಿಸುವುದಿಲ್ಲ, ಮುಚ್ಚಿಡುತ್ತದೆ. ಮನೋಧರ್ಮದಲ್ಲಿ ಎರಡೂ ದೂರ ದೂರ.

ಐದನೇ ತಂತಿ:

ಮದ್ದಳೆಮನೆ ಅವರ ಕೊನೆಯ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಲೆಕ್ಕವನ್ನು ಮುಚ್ಚಿಡುವುದು ಈ ತಂಡದ ಜನಪ್ರಿಯತೆಯ ಗುಟ್ಟೂ ಹೌದು. ಅಮೆರಿಕದ ಡಾನ್ ಕ್ಯಾಬಯೆರೊ ತಂಡವನ್ನು ಕೇಳಿ ನೋಡಿ. 1990ರ ದಶಕದ ಆ ಪಿಟ್ಸ್‌ಬರ್ಗ್ ತಂಡದಲ್ಲೂ ಡ್ರಮ್ಸ್ ವಾದಕ ಡೇಮನ್ ಶೇ ಅವರೇ ನಾಯಕ, ಆದರೆ ಅಲ್ಲಿ ಸಾಮರ್ಥ್ಯ ಪ್ರದರ್ಶನದ ಹುರುಪು ಎದ್ದು ಕಾಣುತ್ತದೆ. ಗೌರವ ಮೂಡುತ್ತದೆ, ಕಣ್ಣೀರು ಬರುವುದಿಲ್ಲ.

ಹಳೇ ಕ್ಯಾಸೆಟ್:

ಅಮೆರಿಕದ ಮಾತು ಬಂದದ್ದರಿಂದ ವಂಶಾವಳಿಯನ್ನು ಸರಿಯಾಗಿ ಬಿಡಿಸೋಣ. ಮ್ಯಾತ್ ರಾಕ್ ಎಂಬ ಹೆಸರು ಬಳಕೆಗೆ ಬಂದದ್ದು ಅಮೆರಿಕದಲ್ಲಿ, 1990ರ ದಶಕದಲ್ಲಿ, ಅರ್ಧ ತಮಾಷೆಯಾಗಿ. ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಸ್ಲಿಂಟ್ ತಂಡ 1991ರಲ್ಲಿ ತಂದ ‘ಸ್ಪೈಡರ್‌ಲ್ಯಾಂಡ್’ ಈ ದಾರಿಯ ಮೊದಲ ದೊಡ್ಡ ಗುರುತುಗಳಲ್ಲಿ ಒಂದು. ಒಂದು ಕವಲು ಡಾನ್ ಕ್ಯಾಬಯೆರೊ ತರಹದ ಬಿರುಸಾದ ವಾದ್ಯಗಾರಿಕೆಯ ಕಡೆಗೆ ಹೋಯಿತು. ಇನ್ನೊಂದು ಕವಲು ಇಲಿನಾಯ್ ರಾಜ್ಯದ ಅಮೆರಿಕನ್ ಫುಟ್‌ಬಾಲ್ ತಂಡದ 1999ರ ಆಲ್ಬಂನಲ್ಲಿ ಕಾಣುವ ಮೆಲುದನಿಯ, ಶುಭ್ರ ಗಿಟಾರ್‌ಗಳ, ವಿಷಾದದ ದಾರಿ. ಟೋ ಈ ಎರಡನೆಯ ಕವಲಿಗೆ ಹತ್ತಿರವಾದುದು. ಗಿಟಾರ್‌ಗಳ ಆರ್ಪೆಜಿಯೊಗಳನ್ನು (ಒಂದೊಂದೇ ಸ್ವರವಾಗಿ ಬಿಡಿಸಿ ನುಡಿಸುವ ಸ್ವರಮೇಳಗಳನ್ನು) ಮಾತ್ರ ಕೇಳಿದರೆ ಇವೆರಡೂ ತಂಡಗಳು ಒಡಹುಟ್ಟಿದವರೆಂದೇ ಅನ್ನಿಸಬಹುದು.

ವ್ಯತ್ಯಾಸ ಇರುವುದು ಡ್ರಮ್ಸ್‌ನಲ್ಲಿ ಮತ್ತು 2009ರ ನಂತರದ ವಾದ್ಯಗಳ ಆಯ್ಕೆಯಲ್ಲಿ. ‘ಫಾರ್ ಲಾಂಗ್ ಟುಮಾರೊ’ ಆಲ್ಬಂನಲ್ಲಿ ಅಕೂಸ್ಟಿಕ್ ಗಿಟಾರ್, ರೋಡ್ಸ್ ಎಂಬ ವಿದ್ಯುತ್ ಪಿಯಾನೊ, ಲೋಹಪಟ್ಟಿಗಳನ್ನು ಬಾರಿಸುವ ವೈಬ್ರಫೋನ್ ಬಂದು ಸೇರುತ್ತವೆ. ಅಲ್ಲಿಂದ ಇವರ ಧ್ವನಿ ಜಾಝ್ ಕಡೆಗೂ ಹಿಪ್-ಹಾಪ್ ಕಡೆಗೂ ವಾಲುತ್ತದೆ. ಹಾಗಾಗಿ ಇರುಳುಕಿವಿ ಅವರು ‘ಟೋ’ ಎಂದು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಎರಡು ತಂಡಗಳಿವೆ ಎಂಬುದು ನನ್ನ ವಾದ. 2005ರ ತಂಡಕ್ಕೆ ‘ಕೊದೊಕು’, ‘ಪಾಸ್ಟ್ ಅಂಡ್ ಲ್ಯಾಂಗ್ವೇಜ್’, ‘ಟ್ರೆಮೊಲೊ ಪ್ಲಸ್ ಡಿಲೇ’ ಪ್ರತಿನಿಧಿಗಳು. 2009ರ ತಂಡಕ್ಕೆ ‘ಗುಡ್‌ಬೈ’, ‘ಟೂ ಮೂನ್ಸ್’, ‘ಎಸೊಟೆರಿಕ್’ ಪ್ರತಿನಿಧಿಗಳು. ಯಾವ ಬಾಗಿಲು ಎಂದು ಕೇಳುವ ಮೊದಲು ಯಾವ ಮನೆ ಎಂದು ಕೇಳಬೇಕು.

ಪ್ರಸಂಗವಶಾತ್ ಒಂದು ಮಾತು: ಅನೇಕರು ಟೋ ತಂಡವನ್ನು ಪೋಸ್ಟ್ ರಾಕ್ ಎಂದು ಕರೆಯುತ್ತಾರೆ. ಆ ಜಗಳಕ್ಕೆ ನಾನು ಇಳಿಯುವುದಿಲ್ಲ, ಅದರಲ್ಲಿ ಗೆದ್ದವರನ್ನು ನಾನಿನ್ನೂ ಕಂಡಿಲ್ಲ.

ಇರುಳುಕಿವಿ:

ಎರಡು ತಂಡಗಳೆಂಬ ವಾದ ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಲಾರೆ. ವಾದ್ಯಗಳು ಬದಲಾದವು, ಹೊಣೆಗಾರಿಕೆ ಬದಲಾಗಲಿಲ್ಲ. ‘ಎಸೊಟೆರಿಕ್’ ಹಾಡಿನಲ್ಲಿ ಗಿಟಾರ್‌ಗಳು ಒಂದರೊಳಗೊಂದು ಹೆಣೆದುಕೊಂಡು ಓಡುತ್ತಿರುವಾಗಲೂ ಹಾಡನ್ನು ಮುಂದಕ್ಕೆ ತಳ್ಳುವುದು, ಎಲ್ಲಿ ತಡೆಯಬೇಕು ಎಲ್ಲಿ ಬಿಡಬೇಕು ಎಂದು ತೀರ್ಮಾನಿಸುವುದು ಡ್ರಮ್ಸ್ ಅಲ್ಲವೇ? ಅದೇ ಆಲ್ಬಂನ ‘ಆಫ್ಟರ್ ಇಮೇಜ್’ ಹಾಡನ್ನು ಕ್ಲಾಮ್‌ಬಾನ್ ತಂಡದ ಹರಾಡಾ ಇಕುಕೊ ಹಾಡಿದ್ದಾರೆ. ಅದು ಆಲ್ಬಂನ ಅತ್ಯಂತ ಮೃದುವಾದ ಹಾಡುಗಳಲ್ಲಿ ಒಂದು. ಅಲ್ಲಿ ಕೂಡ ದನಿಯ ಕೆಳಗೆ ಡ್ರಮ್ಸ್ ಒಂದು ಕ್ಷಣವೂ ಸುಮ್ಮನೆ ಕಾಲ ಎಣಿಸುತ್ತ ನಿಲ್ಲುವುದಿಲ್ಲ.

ಕಡ್ಡಿ ಮತ್ತು ಚರ್ಮ:

ಡ್ರಮ್ಸ್ ನುಡಿಸುವವನಾಗಿ ನಾನು ಒಂದಿಷ್ಟು ಹೇಳಲೇಬೇಕು, ಏಕೆಂದರೆ ಇಲ್ಲಿ ಎಲ್ಲರೂ ಕಾಶಿಕುರಾ ಅವರನ್ನು ಹೊಗಳುತ್ತಿದ್ದೀರಿ, ಆದರೆ ಅವರು ಏನು ಮಾಡುತ್ತಾರೆಂದು ಯಾರೂ ಬಿಡಿಸಿ ಹೇಳಿಲ್ಲ.

ಮೊದಲನೆಯದು ಘೋಸ್ಟ್ ನೋಟ್. ಸ್ನೇರ್ ಮೇಲೆ ಕಡ್ಡಿಯನ್ನು ತೀರ ಕೆಳಗಿನಿಂದ, ಒಂದೆರಡು ಅಂಗುಲದಷ್ಟೇ ಎತ್ತಿ ತಾಗಿಸುವ ಪೆಟ್ಟುಗಳಿವು. ಬಿಡಿಯಾಗಿ ಅವು ಕೇಳಿಸುವುದೇ ಇಲ್ಲ ಎನ್ನಬಹುದು, ಆದರೆ ಅವುಗಳನ್ನು ತೆಗೆದುಬಿಟ್ಟರೆ ಇಡೀ ನಡೆ ಬರಡಾಗುತ್ತದೆ. ಕಾಶಿಕುರಾ ಅವರ ವಾದನದಲ್ಲಿ ಜೋರಾದ ಪೆಟ್ಟುಗಳ ನಡುವಿನ ಜಾಗವೆಲ್ಲ ಇಂತಹ ಪಿಸುಪೆಟ್ಟುಗಳಿಂದ ತುಂಬಿರುತ್ತದೆ. ಜೋರಾದ ಪೆಟ್ಟಿಗೂ ಪಿಸುಪೆಟ್ಟಿಗೂ ಇರುವ ಅಂತರ ಎಷ್ಟು ದೊಡ್ಡದೋ ಅಷ್ಟು ಮಟ್ಟಿಗೆ ಡ್ರಮ್ಸ್ ‘ಮಾತನಾಡಿದಂತೆ’ ಕೇಳುತ್ತದೆ, ಮಾತಿನಲ್ಲೂ ಎಲ್ಲ ಅಕ್ಷರಗಳಿಗೆ ಒಂದೇ ಒತ್ತು ಇರುವುದಿಲ್ಲವಲ್ಲ.

ಎರಡನೆಯದು ಸ್ನೇರ್‌ನ ನಾದ. ಅದು ಒಣ, ಬಿಗಿ, ಬೇಗ ಆರಿಹೋಗುವ ನಾದ. ಹಾಗಿರುವುದರಿಂದಲೇ ವೇಗದ ಪೆಟ್ಟುಗಳು ಒಂದರ ಮೇಲೊಂದು ಕಲಸಿಹೋಗದೆ ಬಿಡಿಬಿಡಿಯಾಗಿ ಕೇಳುತ್ತವೆ. ಗಿಟಾರ್‌ಗಳು ಶುಭ್ರವಾಗಿರುವುದಕ್ಕೂ ಇದೇ ಕಾರಣ ಎನ್ನುವುದು ನನ್ನ ಊಹೆ. ಡಿಸ್ಟಾರ್ಷನ್ ತುಂಬಿದ ಗಿಟಾರ್ ಧ್ವನಿಯ ಎಲ್ಲ ಸಂದುಗಳನ್ನೂ ತುಂಬಿಬಿಡುತ್ತದೆ, ಆಗ ಘೋಸ್ಟ್ ನೋಟ್‌ಗಳಿಗೆ ಜಾಗವೇ ಇರುವುದಿಲ್ಲ.

ಮೂರನೆಯದು ಹೈ-ಹ್ಯಾಟ್, ಅಂದರೆ ಕಾಲಿನಿಂದ ತೆರೆದು ಮುಚ್ಚುವ ಜೋಡಿ ಲೋಹದ ತಟ್ಟೆಗಳು. ಬಹಳ ಜನ ವಾದಕರು ಅದನ್ನು ಗಡಿಯಾರದಂತೆ ಬಳಸುತ್ತಾರೆ. ಇವರು ಅದನ್ನು ತೆರೆಯುವ, ಮುಚ್ಚುವ, ಒಂದು ಪೆಟ್ಟನ್ನು ನುಂಗಿಬಿಡುವ ರೀತಿಯಲ್ಲಿ ವಾಕ್ಯಗಳನ್ನು ಕತ್ತರಿಸುತ್ತಾರೆ. ‘ಕೊದೊಕು’ ಹಾಡನ್ನು ಒಮ್ಮೆ ಹೈ-ಹ್ಯಾಟ್ ಮಾತ್ರ ಹಿಂಬಾಲಿಸಿ ಕೇಳಿ ನೋಡಿ.

ಅವರ ಸಾಮರ್ಥ್ಯದ ಇನ್ನೊಂದು ಬದಿಯನ್ನು ನೋಡಬೇಕೆಂದರೆ ದ ಹಯಾಟಸ್ ತಂಡವನ್ನು ಕೇಳಿ. ಎಲ್ಲೆಗಾರ್ಡನ್ ತಂಡದ ಗಾಯಕ ಹೊಸೊಮಿ ತಕೇಶಿ ಅವರ ಈ ಇನ್ನೊಂದು ತಂಡದಲ್ಲೂ ಕಾಶಿಕುರಾ ಅವರೇ ಡ್ರಮ್ಸ್ ನುಡಿಸುತ್ತಾರೆ. ಅಲ್ಲಿ ಹಾಡುಗಾರರೇ ಕೇಂದ್ರ, ಇವರು ಹಿಂದೆ ನಿಲ್ಲುತ್ತಾರೆ, ಸೊಗಸಾಗಿಯೇ ನಿಲ್ಲುತ್ತಾರೆ. ಟೋ ತಂಡದಲ್ಲಿ ಮುಂದೆ ಬಂದು ನಿಲ್ಲುವುದು ಅಭ್ಯಾಸಬಲದಿಂದಲ್ಲ, ತಂಡದ ತೀರ್ಮಾನದಿಂದ ಎಂಬುದು ಆಗ ಸ್ಪಷ್ಟವಾಗುತ್ತದೆ.

ಹೊಸ ಕೇಳುಗ:

ಹೈ-ಹ್ಯಾಟ್ ಹಿಂಬಾಲಿಸಿ ಕೇಳಿದೆ. ಈಗ ಅರ್ಥವಾಗುತ್ತಿದೆ. ಆದರೆ ಒಂದು ಅನುಮಾನ ಉಳಿದಿದೆ. ಇಷ್ಟೆಲ್ಲ ಗಮನವಿಟ್ಟು ಕೇಳಬೇಕಾದ ಸಂಗೀತ ‘ಓದುವಾಗ ಕೇಳಲು’, ‘ಮಳೆ ಬರುವಾಗ ಕೇಳಲು’ ಎಂಬ ಪ್ಲೇಲಿಸ್ಟ್‌ಗಳಲ್ಲೆಲ್ಲ ಏಕಿದೆ?

ಹಳೇ ಕ್ಯಾಸೆಟ್:

ಮಾತಿಲ್ಲದ, ಕಿರುಚಾಟವಿಲ್ಲದ ಯಾವ ಸಂಗೀತಕ್ಕೂ ಇಂದು ಅದೇ ಗತಿ. ಅದರಿಂದ ತಂಡಕ್ಕೆ ಕೇಳುಗರು ಸಿಕ್ಕಿದ್ದಾರೆ ಎಂಬುದೂ ನಿಜವಾದ್ದರಿಂದ ನಾನು ಹೆಚ್ಚು ಗೊಣಗುವುದಿಲ್ಲ.

ಕಾಮೊ ದಂಡೆ:

ನಾನು ಕೆಲಸದ ನಿಮಿತ್ತ ಜಪಾನಿನಲ್ಲಿ ನೆಲೆಸಿರುವವಳು. ಮೊದಲ ಬರಹದಲ್ಲಿ ಕೊಟ್ಟ ಇಸವಿಗಳನ್ನು ಮತ್ತೊಮ್ಮೆ ನೋಡಿ: 2005, 2009, 2015, 2024. ಒಂದು ಆಲ್ಬಂನಿಂದ ಇನ್ನೊಂದಕ್ಕೆ ನಾಲ್ಕು, ಆರು, ಒಂಬತ್ತು ವರ್ಷಗಳ ಅಂತರ. ದೊಡ್ಡ ಕಂಪನಿಯ ಒಪ್ಪಂದದಲ್ಲಿರುವ ತಂಡಕ್ಕೆ ಇದು ಸುಲಭವಲ್ಲ. ಇವರು ತಮ್ಮದೇ ಆದ ಮಾಚುಪಿಚು ಇಂಡಸ್ಟ್ರಿಯಾಸ್ ಎಂಬ ಲೇಬಲ್ ನಡೆಸುತ್ತಾರೆ. ಜೊತೆಗೆ ಸದಸ್ಯರಿಗೆ ಬೇರೆ ಬೇರೆ ಉದ್ಯೋಗಗಳಿವೆ. ಯಮಾಝಾಕಿ ಒಳಾಂಗಣ ವಿನ್ಯಾಸಕರು, ಮಿನೋ ಧ್ವನಿಮುದ್ರಣ ಎಂಜಿನಿಯರ್ ಮತ್ತು ನಿರ್ಮಾಪಕರು, ಕಾಶಿಕುರಾ ಇತರ ಕಲಾವಿದರಿಗೂ ನುಡಿಸುವವರು. ಹೊಟ್ಟೆಪಾಡಿಗೆ ಹಾಡು ಬರೆಯಬೇಕಾದ ಒತ್ತಡವಿಲ್ಲದಿರುವುದು ಹಾಡುಗಳ ಒಳಗೂ ಕೇಳಿಸುತ್ತದೆ ಎಂದು ನನಗನ್ನಿಸುತ್ತದೆ. ಪಲ್ಲವಿಯನ್ನು ಮೊದಲ ನಿಮಿಷದಲ್ಲೇ ತಂದಿಟ್ಟು ಕೇಳುಗರನ್ನು ಹಿಡಿದಿಟ್ಟುಕೊಳ್ಳುವ ತರಾತುರಿ ಇವರಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಇಂತಹ ತಂಡಗಳು ಬೆಳೆದದ್ದು ಲೈವ್ ಹೌಸ್‌ಗಳೆಂಬ ಚಿಕ್ಕ ಸಂಗೀತಗೃಹಗಳಲ್ಲಿ. ಟೋಕಿಯೊದ ಶಿಮೊಕಿತಾಝಾವಾ ಬಡಾವಣೆ ಅವಕ್ಕೆ ಹೆಸರುವಾಸಿ, ಅಲ್ಲಿನ ಶೆಲ್ಟರ್ ಎಂಬ ಜಾಗ 1991ರಿಂದ ನಡೆಯುತ್ತಿದೆ. ಟಿಕೆಟಿನ ಜೊತೆಗೆ ಒಂದು ಪಾನೀಯದ ಹಣವನ್ನೂ ಕಡ್ಡಾಯವಾಗಿ ಕೊಟ್ಟು ಒಳಗೆ ಹೋದರೆ, ವಾದಕರ ಕೈಬೆರಳು ಕಾಣುವಷ್ಟು ಹತ್ತಿರದಲ್ಲಿ ನಿಂತಿರುತ್ತೇವೆ. ಹಾಡು ನಡೆಯುವಾಗ ಕೇಳುಗರು ಮಾತನಾಡುವುದು ಅಪರೂಪ. ಪಿಸುಪೆಟ್ಟುಗಳನ್ನು ನೆಚ್ಚಿಕೊಂಡ ಸಂಗೀತ ಇಂತಹ ಮೌನದಲ್ಲಿ ಹುಟ್ಟಲು ಸಾಧ್ಯ, ಬಯಲಿನ ದೊಡ್ಡ ಉತ್ಸವಗಳನ್ನು ಮಾತ್ರ ನಂಬಿದ್ದರೆ ಕಷ್ಟವಿತ್ತು.

ಮದ್ದಳೆಮನೆ:

ಕಾಮೊ ದಂಡೆ ಅವರೇ, ಕೇಳುಗರ ಮೌನದ ಬಗ್ಗೆ ಬರೆದದ್ದಕ್ಕೆ ಧನ್ಯವಾದಗಳು. ನಿಮ್ಮ ಹೆಸರಿನಲ್ಲಿ ಕಾಮೊ ನದಿ ಇರುವುದನ್ನು ನೋಡಿದರೆ ಅದು ಹರಿಯುವ ಕ್ಯೋಟೊದವರಿರಬೇಕು ಎಂದು ಊಹಿಸುತ್ತೇನೆ. ಹಾಗಾದರೆ ನಿಮ್ಮ ಊರಿನ ಟ್ರಿಕಾಟ್ ತಂಡವನ್ನು ಬಿಟ್ಟದ್ದೇಕೆ? ಜನಪ್ರಿಯತೆಯ ವಿಷಯಕ್ಕೆ ಬಂದರೆ ಅವರೂ ಹಿಂದಿಲ್ಲ.

ಕಾಮೊ ದಂಡೆ:

ಊಹೆ ಸರಿಯಾಗಿದೆ. ಟ್ರಿಕಾಟ್ ತಂಡವನ್ನು ಬಿಟ್ಟದ್ದು ವಿಷಯಾಂತರವಾಗಬಾರದೆಂದು, ಆದರೆ ಹೋಲಿಕೆ ಇರುಳುಕಿವಿ ಅವರ ವಾದಕ್ಕೆ ನೆರವಾಗುವುದರಿಂದ ಬರೆಯುತ್ತೇನೆ.

ಟ್ರಿಕಾಟ್ 2010ರಲ್ಲಿ ಕ್ಯೋಟೊದಲ್ಲಿ ಆರಂಭವಾಯಿತು. ನಾಕಾಜಿಮಾ ಇಕ್ಯು ಹಾಡುತ್ತಾರೆ, ಗಿಟಾರನ್ನೂ ನುಡಿಸುತ್ತಾರೆ. ‘ಬಾಕುರೆತ್ಸು ಪಾನಿಯೆ-ಸಾನ್’, ‘ಒಚಾನ್‌ಸೆನ್ಸು-ಸು’, 2013ರ ‘ದ’ ಆಲ್ಬಂನ ‘99.974℃’ ಮುಂತಾದ ಹಾಡುಗಳಿಂದ ಹೆಸರಾದರು. ಇವರ ಸಂಗೀತದಲ್ಲೂ ಲೆಕ್ಕ ಜಾರುತ್ತದೆ, ಓಡುತ್ತಿದ್ದ ಹಾಡು ಥಟ್ಟನೆ ನಿಂತು ಬೇರೆ ನಡೆಗೆ ಹೊರಳುತ್ತದೆ. ಆದರೆ ಎಲ್ಲವನ್ನೂ ಹಿಡಿದಿಡುವುದು ದನಿ. 2014ರಲ್ಲಿ ಅವರ ಡ್ರಮ್ಸ್ ವಾದಕರು ತಂಡ ಬಿಟ್ಟರು. 2015ರ ‘ಆಂಡ್’ ಆಲ್ಬಂನಲ್ಲಿ ಬೇರೆ ಬೇರೆ ಅತಿಥಿ ವಾದಕರು ನುಡಿಸಿದರು, ಯೋಶಿದಾ ಯೂಸುಕೆ ಕಾಯಂ ಸದಸ್ಯರಾದದ್ದು 2017ರಲ್ಲಿ. ಈ ನಡುವಿನ ವರ್ಷಗಳಲ್ಲೂ ಟ್ರಿಕಾಟ್ ಟ್ರಿಕಾಟ್ ಆಗಿಯೇ ಉಳಿಯಿತು, ಹಾಡು ಕೇಳಿದ ಕೂಡಲೇ ಗುರುತು ಹಿಡಿಯಬಹುದಿತ್ತು. ಟೋ ತಂಡದಲ್ಲಿ ಡ್ರಮ್ಸ್ ಮುಂದೆ ಹಾಡಿಗೊಬ್ಬರನ್ನು ಕೂರಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡಿ.

ಐದನೇ ತಂತಿ:

ಇದಕ್ಕೆ ಎದುರುತ್ತರ ಕೊಡುವುದು ಕಷ್ಟ. ಡ್ರಮ್ಸ್ ಕೇಂದ್ರವೆಂಬ ಮಾತನ್ನು ನಾನು ಮೊದಲಿನಿಂದಲೂ ಅಲ್ಲಗಳೆದಿಲ್ಲ ಎಂಬುದನ್ನು ಮಾತ್ರ ನೆನಪಿಸುತ್ತೇನೆ. ನನ್ನ ವಾದ ‘ಗುಡ್‌ಬೈ’ ಅದೇ ಮಾತನ್ನು ಇನ್ನೂ ಚೆನ್ನಾಗಿ ಹೇಳುತ್ತದೆ ಎಂಬುದು. ಬರೀ ವಾದ್ಯಗಳಿರುವ ಹಾಡಿನಲ್ಲಿ ಡ್ರಮ್ಸ್ ಮುಂದೆ ಬರುವುದರಲ್ಲಿ ಅಚ್ಚರಿಯೇನಿದೆ? ಅಲ್ಲಿ ಜಾಗ ಖಾಲಿ ಇದೆ. ದನಿಯೊಂದು ಬಂದು ಆ ಜಾಗದಲ್ಲಿ ಕುಳಿತ ಮೇಲೂ ಅದನ್ನು ಮರಳಿ ಪಡೆಯುವುದು ದೊಡ್ಡ ಸಂಗತಿ. ‘ಗುಡ್‌ಬೈ’ಯ ಕೊನೆಯ ಭಾಗ ಅದನ್ನು ಮಾಡಿ ತೋರಿಸುತ್ತದೆ.

ಇರುಳುಕಿವಿ:

‘ಗುಡ್‌ಬೈ’ಯನ್ನು ನೀವು ಸಮರ್ಥಿಸುವ ರೀತಿ ಅದನ್ನು ಎರಡನೆಯ ಹಾಡಾಗಿಯೇ ಇಡಬೇಕು ಎಂಬುದಕ್ಕೆ ಪುರಾವೆಯಂತಿದೆ! ಜಾಗ ಯಾರದೆಂದು ಮೊದಲೇ ತಿಳಿದವರಿಗೆ ಮಾತ್ರ ಅದನ್ನು ಮರಳಿ ಪಡೆದದ್ದು ಅರ್ಥವಾಗುತ್ತದೆ. ಹಾಗಾಗಿ ‘ಕೊದೊಕು’ ಮೊದಲು ಎಂಬ ನನ್ನ ಸೂಚನೆ ನಿಂತಿದೆ. ಅದಾದ ಮೇಲೆ ಅದೇ ಆಲ್ಬಂನ ‘ಪಾಸ್ಟ್ ಅಂಡ್ ಲ್ಯಾಂಗ್ವೇಜ್’, ಆಮೇಲೆ ‘ನ್ಯೂ ಸೆಂಟಿಮೆಂಟಾಲಿಟಿ’ಯ ‘ತ್ಸುನಗಾರು ಹರುಕಾ ಕನಾತಾ’, ನಂತರ ‘ಟೂ ಮೂನ್ಸ್’, ಅಲ್ಲಿಂದ ‘ಗುಡ್‌ಬೈ’. ‘ಆಫ್ಟರ್ ಇಮೇಜ್’ ಎಲ್ಲಿ ಬೇಕಾದರೂ ಬರಬಹುದು.

ಹಳೇ ಕ್ಯಾಸೆಟ್:

2024ರ ಆಲ್ಬಂನ ಒಂದು ಹಾಡೂ ಈ ಸಾಲಿನಲ್ಲಿ ಏಕಿಲ್ಲ? ‘ಲೋನ್ಲಿನೆಸ್ ವಿಲ್ ಶೈನ್’ ಸೇರಿಸಬಹುದಿತ್ತು. ಹಳೆಯದನ್ನಷ್ಟೇ ಶಿಫಾರಸು ಮಾಡುವುದು ನಮ್ಮಂತಹ ಕೇಳುಗರ ದೊಡ್ಡ ರೋಗ, ನನ್ನ ಹೆಸರೇ ಹಳೇ ಕ್ಯಾಸೆಟ್ ಆಗಿದ್ದರೂ ಇದನ್ನು ಹೇಳುತ್ತಿದ್ದೇನೆ.

ಇರುಳುಕಿವಿ:

ಬೇಕೆಂದೇ ಬಿಟ್ಟಿದ್ದೇನೆ. ಒಂಬತ್ತು ವರ್ಷಗಳ ನಂತರ ಬಂದ ಆಲ್ಬಂ ಅದು. ಹಳೆಯ ಹಾಡುಗಳನ್ನು ಬಲ್ಲವರಿಗೆ ಅದರಲ್ಲಿ ಎಷ್ಟು ಸಂಯಮವಿದೆ ಎಂದು ಹೊಳೆಯುತ್ತದೆ, ಮೊದಲ ಸಲ ಕೇಳುವವರಿಗೆ ಅದು ಬರೀ ಸಮಾಧಾನದ ಸಂಗೀತವೆಂದು ತೋರುವ ಅಪಾಯವಿದೆ. ಅದನ್ನು ಆರನೆಯದಾಗಿ ಸೇರಿಸಲು ನನ್ನ ಅಭ್ಯಂತರವಿಲ್ಲ.

ಹೊಸ ಕೇಳುಗ:

ಪಟ್ಟಿಯನ್ನು ಇಳಿಸಿಕೊಂಡಿದ್ದೇನೆ. ಕೊನೆಯದಾಗಿ ಒಂದು ವ್ಯಾವಹಾರಿಕ ಪ್ರಶ್ನೆ. ನಾನು ಇಲ್ಲಿಯವರೆಗೆ ಎಲ್ಲವನ್ನೂ ಫೋನಿನ ಸ್ಪೀಕರಿನಲ್ಲೇ ಕೇಳಿದ್ದೇನೆ. ಅದರಿಂದ ಏನಾದರೂ ಕಳೆದುಕೊಳ್ಳುತ್ತಿದ್ದೇನೆಯೇ?

ಕಡ್ಡಿ ಮತ್ತು ಚರ್ಮ:

ಬಹಳಷ್ಟನ್ನು. ಬೇಸ್ ಮತ್ತು ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಚಿಕ್ಕ ಸ್ಪೀಕರಿನಲ್ಲಿ ಸರಿಯಾಗಿ ಬರುವುದೇ ಇಲ್ಲ, ಘೋಸ್ಟ್ ನೋಟ್‌ಗಳೂ ಕಾಣೆಯಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಈ ತಂಡದ ಎರಡು ಗಿಟಾರ್‌ಗಳನ್ನು ಎಡಕ್ಕೊಂದು ಬಲಕ್ಕೊಂದು ಹಂಚಿ ಮಿಕ್ಸ್ ಮಾಡಿರುತ್ತಾರೆ. ಸ್ಪೀಕರಿನಲ್ಲಿ ಅವೆರಡೂ ಒಂದೇ ಗಿಟಾರಿನಂತೆ ಕಲೆತುಹೋಗುತ್ತವೆ. ದುಬಾರಿ ಸಲಕರಣೆಯೇನೂ ಬೇಕಾಗಿಲ್ಲ, ಸಾಧಾರಣ ತಂತಿಯ ಇಯರ್‌ಫೋನ್ ಸಾಕು. ‘ಕೊದೊಕು’ ಹಾಕಿಕೊಂಡು ಮೊದಲು ಎಡಕಿವಿಯಲ್ಲಿ ಮಾತ್ರ ಕೇಳಿ, ಆಮೇಲೆ ಬಲಕಿವಿಯಲ್ಲಿ ಮಾತ್ರ. ಬಿಡಿಯಾಗಿ ಕೇಳಿದರೆ ಒಂದೊಂದು ಗಿಟಾರ್ ಎಷ್ಟು ಸರಳವೆಂದು ತಿಳಿಯುತ್ತದೆ. ನಂತರ ಎರಡೂ ಕಿವಿಗೆ ಹಾಕಿಕೊಂಡು, ನಡುವಿನಲ್ಲಿರುವ ಡ್ರಮ್ಸ್ ಯಾವ ಪೆಟ್ಟನ್ನು ಎಡದ ಗಿಟಾರಿಗೆ, ಯಾವ ಪೆಟ್ಟನ್ನು ಬಲದ ಗಿಟಾರಿಗೆ ಹೊಂದಿಸುತ್ತಿದೆ ಎಂದು ಗಮನಿಸಿ, ಏನು ಕಂಡಿತೆಂದು ಇಲ್ಲಿ ಬರೆಯಿರಿ.